ಬಾಣಕ್ಕೆ ಯಾವ ಪೊದೆ ಕಡ್ಡಿ?

ಪ್ರಶ್ನೆ: ಮೇಡಂ, ನಾವಿರೋದು ನ್ಯೂಜೆರ್ಸಿಲಿ. ಮಗಳಿಗೆ ಬಿಲ್ಲುಗಾರಿಕೆ ಹುಚ್ಚು, ಮರದ ಬಿಲ್ಲು ಕೊಡಿಸಿದ್ವಿ, ಈಗ ಬಾಣನೂ ತಾನೇ ಮಾಡ್ಬೇಕಂತೆ. ನಮ್ಮ ಹಿತ್ತಲ ಹಳ್ಳದ ಪಕ್ಕ ಪೊದೆಗಳು ತುಂಬಾ ಇವೆ, ಪಕ್ಕದ್ಮನೆಯವ್ರು ಅದ್ರಲ್ಲಿ ಆರೋವುಡ್ ಇದೆ ಅಂತಾರೆ. ಯಾವುದು ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಇದ್ರೂ ಇರಬಹುದು, ಆರೋವುಡ್ ಅಂದ್ರೆ ವೈಬರ್ನಮ್ ಡೆಂಟೇಟಮ್, ನಿಮ್ಮ ಕಡೆ ತೇವದ ನೆಲದಲ್ಲಿ, ಕಾಡಂಚಲ್ಲಿ ತಾನಾಗೇ ಬೆಳೆಯತ್ತೆ. ಹೂವು ಹಣ್ಣು ಆಮೇಲೆ, ಮೊದಲು ಎಲೆ ಹೇಗೆ ಕೂತಿದೆ ನೋಡಿ. ಒಂದೇ ಗಿಣ್ಣಲ್ಲಿ ಎರಡು ಎಲೆ ಎದುರುಬದುರು ಇರ್ಬೇಕು, ಅಂಚಲ್ಲಿ ಗರಗಸದ ಥರ ದಪ್ಪ ಹಲ್ಲು, ನರಗಳು ನೇರ ಹೋಗಿ ಹಲ್ಲಿಗೇ ಮುಟ್ಟಬೇಕು. ಜೂನ್ ಹೊತ್ತಿಗೆ ಬಿಳಿ ಹೂಗೊಂಚಲು, ಬೇಸಿಗೆ ಕೊನೆಗೆ ಕಪ್ಪು ನೀಲಿ ಹಣ್ಣು.

ಎಲೆ ಎದುರುಬದುರು ಇದ್ದು ಅಂಚು ನುಣ್ಣಗಿದ್ರೆ, ನರಗಳು ಬಾಗಿ ತುದಿ ಕಡೆ ಹೋಗ್ತಿದ್ರೆ ಅದು ಡಾಗ್‌ವುಡ್ ಇರಬಹುದು, ಎಲೆನ ಅಡ್ಡಕ್ಕೆ ಮೆಲ್ಲಗೆ ಹರಿದು ನೋಡಿ, ಎರಡು ತುಂಡಿನ ಮಧ್ಯೆ ಸಣ್ಣ ಬಿಳಿ ಎಳೆ ನೇತಾಡಿದ್ರೆ ಅದೇ. ಅದೂ ಬಾಣಕ್ಕೆ ಒಳ್ಳೇದೇ, ಬಿಡ್ಬೇಡಿ. ಯಾಮಾರೋದು ಹನಿಸಕಲ್ ಪೊದೆಲಿ. ಅದಕ್ಕೂ ಎಲೆ ಎದುರುಬದುರೇ, ಅಂಚೂ ನುಣ್ಣಗೇ, ಆದ್ರೆ ಹೊರದೇಶದಿಂದ ಬಂದು ಹಬ್ಬಿರೋ ಪೊದೆ ಹನಿಸಕಲ್ ಕಡ್ಡಿ ಕತ್ತರಿಸಿದ್ರೆ ಮಧ್ಯ ಟೊಳ್ಳು. ವೈಬರ್ನಮ್, ಡಾಗ್‌ವುಡ್ ಎರಡ್ರಲ್ಲೂ ತಿರುಳು ತುಂಬಿರತ್ತೆ.

ಹಳ್ಳದ ಪಕ್ಕ ಅಂತೀರಲ್ಲ, ಅಲ್ಲಿ ಪಾಯ್ಸನ್ ಸುಮ್ಯಾಕ್ ಕೂಡ ಬೆಳೆಯತ್ತೆ, ಮೈಗೆ ಸೋಕಿದ್ರೆ ಗುಳ್ಳೆ ಏಳತ್ತೆ. ಒಂದೇ ಕೆಂಪು ದಂಟಿಗೆ ಏಳರಿಂದ ಹದಿಮೂರು ನುಣುಪು ಎಲೆ ಜೋಡಿಸಿದಂಗಿದ್ರೆ ದೂರ ಇರಿ. ಅದಕ್ಕೇ ನಾನು ಹೇಳೋದು, ಗುರುತು ಹಿಡಿಯೋದು ಬೇಸಿಗೇಲಿ, ಕಡಿಯೋದು ಎಲೆ ಉದುರಿದ ಮೇಲೆ ಚಳಿಗಾಲದಲ್ಲಿ. ಈಗ್ಲೇ ಬೇಕಾದ ಗಿಡಕ್ಕೆ ಬಣ್ಣದ ದಾರ ಕಟ್ಟಿಡಿ. ಪೊದೆಗೆ ನುಗ್ಗುವಾಗ ಉದ್ದ ತೋಳಿನ ಬಟ್ಟೆ ಹಾಕ್ಕೊಳಿ, ಬಂದ್ಮೇಲೆ ಉಣ್ಣೆ ಹುಳ ಕಚ್ಚಿದ್ಯಾ ನೋಡ್ಕೊಳಿ, ಅದರಿಂದ ಬರೋ ಲೈಮ್ ಕಾಯಿಲೆ ಅಲ್ಲಿ ತಮಾಷೆ ಅಲ್ಲ. ಪಾರ್ಕಲ್ಲಿ ಮಾತ್ರ ಕಡಿಯೋಕೆ ಹೋಗ್ಬೇಡಿ.

ಬುಡದಿಂದ ನೆಟ್ಟಗೆ ಎದ್ದಿರೋ, ಕವಲೊಡೆಯದ ಎಳೇ ಕಡ್ಡಿ ಆರಿಸಿ, ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ, ಉದ್ದ ಮೂರಡಿ. ಅರ್ಧದಷ್ಟು ಕಡ್ಡಿ ಸೀಳಿಯೋ ಸೊಟ್ಟಗಾಗೋ ಹಾಳಾಗತ್ತೆ ಅಂತ್ಲೇ ಲೆಕ್ಕ ಹಾಕಿ ಜಾಸ್ತಿ ತನ್ನಿ. ತೊಗಟೆ ತೆಗೀದೆ ಬಿಗಿಯಾಗಿ ಕಂತೆ ಕಟ್ಟಿ ನೆರಳಲ್ಲಿ ಕೆಲವು ತಿಂಗಳು ಒಣಗಿಸಿ, ಬಿಸಿಲಿಗಿಟ್ರೆ ಸೀಳತ್ತೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಓಟ್ಸಿ ಅನ್ನೋ ಐದು ಸಾವಿರ ವರ್ಷದ ಹಿಂದಿನ ಮನುಷ್ಯನ ಬತ್ತಳಿಕೆಲೂ 14 ಕಡ್ಡಿ ಇತ್ತು, ವೈಬರ್ನಮ್ ಜಾತಿದೇ, ಪೂರ್ತಿ ಬಾಣ ಆಗಿದ್ದು ಎರಡೇ!

ಒಣಗಿದ್ಮೇಲೆ ತೊಗಟೆ ಕೆರೆದು, ಸೊಟ್ಟ ಇರೋ ಕಡೆ ಕೆಂಡದ ಮೇಲೆ ಬಿಸಿ ಮಾಡಿ, ಕೈಯಲ್ಲಿ ನೆಟ್ಟಗೆ ಮಾಡಿ ಆರೋವರೆಗೂ ಹಾಗೇ ಹಿಡ್ಕೊಳಿ, ಈ ಕೆಲಸದಲ್ಲಿ ಮಗಳ ಜೊತೆ ನೀವಿರಿ. ದಪ್ಪ ತುದಿ ಮುಂದಕ್ಕೆ, ಸಣ್ಣ ತುದಿಗೆ ಹೆದೆ ಕೂರೋ ಕಚ್ಚು. ಬಿಡೋ ಮುಂಚೆ ಪ್ರತಿ ಸಲ ಬಾಣನ ಸ್ವಲ್ಪ ಬಗ್ಗಿಸಿ ಕಿವಿ ಹತ್ರ ಹಿಡೀರಿ, ಚಟ್ ಅಂದ್ರೆ ಮುರಿದು ಒಲೆಗೆ ಹಾಕಿ. ರಾಟೆ ಇರೋ ಕಾಂಪೌಂಡ್ ಬಿಲ್ಲಿಗೆ ಇವು ಬೇಡ್ವೇ ಬೇಡ, ಅದರ ಹೊಡೆತಕ್ಕೆ ಕಡ್ಡಿ ಸಿಡಿದು ಕೈಗೇ ಚುಚ್ಚಬಹುದು.