ಫೈಟ್ ಸೀನಿನಿಂದ ಸ್ಪಷ್ಟವಾದ ಸ್ಟಿಲ್ ತೆಗೆಯುವ ಬಗ್ಗೆ: ಗೌರಿಬಿದನೂರಿನ ಮೇಷ್ಟ್ರ ಪ್ರಶ್ನೆಗೆ ಉತ್ತರ

ಮೇಷ್ಟ್ರೇ, ನಮಸ್ಕಾರ. ಕಾಲೇಜಿನ ಗೋಡೆಪತ್ರಿಕೆಯಲ್ಲಿ ವಿಮರ್ಶೆಯ ಜೊತೆ ಹಾಕಲು ಸಾಹಸ ಚಿತ್ರಗಳಿಂದ ಸ್ಟಿಲ್ (ಸಿನಿಮಾದಿಂದ ತೆಗೆದ ನಿಶ್ಚಲ ಚಿತ್ರ) ತೆಗೆದರೆ ಎಲ್ಲವೂ ಮಸುಕಾಗಿ, ಕಪ್ಪಾಗಿ ಬರುತ್ತಿವೆ, ಇದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳಿದ್ದೀರಿ. ಇದರಲ್ಲಿ ಸಾಫ್ಟ್‌ವೇರಿನ ಪಾಲು ಕಡಿಮೆ. ಯಾವ ಫ್ರೇಮನ್ನು, ಅಂದರೆ ಸಿನಿಮಾದ ಯಾವ ಬಿಡಿ ಚಿತ್ರವನ್ನು ಆರಿಸುತ್ತೀರಿ ಎಂಬುದೇ ಮುಖ್ಯ.

ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳಂತೆ ಚಿತ್ರೀಕರಣವಾಗುತ್ತದೆ ಮತ್ತು ವಾಡಿಕೆಯಂತೆ ಪ್ರತಿ ಫ್ರೇಮಿಗೂ ಕ್ಯಾಮೆರಾಕ್ಕೆ ಬೆಳಕು ಬಿಡುವ ಶಟರ್ 1/48 ಸೆಕೆಂಡ್ ತೆರೆದಿರುತ್ತದೆ. ಅಷ್ಟರೊಳಗೆ ಬೀಸಿದ ಮುಷ್ಟಿ ಒಂದು ಗೇಣಿನಷ್ಟು ಮುಂದೆ ಸರಿದಿರಬಹುದು. ಸಿನಿಮಾ ಓಡುವಾಗ ಚಲನೆಯನ್ನು ನಯವಾಗಿ ತೋರಿಸುವ ಆ ಮಸುಕು, ನಿಲ್ಲಿಸಿ ನೋಡಿದಾಗ ದೋಷವಾಗಿ ಕಾಣುತ್ತದೆ. ಅದನ್ನು ಶಾರ್ಪನ್ ಮಾಡಿ ತೆಗೆಯಲು ಹೋದರೆ ಅಂಚಿನ ಸುತ್ತ ಬಿಳಿ ಗೆರೆ ಮೂಡುತ್ತದೆಯೇ ಹೊರತು ಕಳೆದುಹೋದ ವಿವರ ಮರಳುವುದಿಲ್ಲ.

ಆದ್ದರಿಂದ ಚಲನೆ ತಾನಾಗಿ ನಿಲ್ಲುವ ಜಾಗವನ್ನು ಹುಡುಕಬೇಕು. ಜಿಗಿತದಲ್ಲಿ ಏರುವುದು ಮುಗಿದು ಇಳಿಯುವುದು ಇನ್ನೂ ಶುರುವಾಗದ ತುತ್ತತುದಿ, ಗುದ್ದಿನಲ್ಲಿ ಕೈ ಪೂರ್ತಿ ಹಿಂದಕ್ಕೆ ಹೋಗಿ ಇನ್ನೂ ಮುಂದೆ ಬಾರದ ಗಳಿಗೆ, ಇವು ನಂಬಿಕೆಗೆ ಅರ್ಹ. ಏಟು ಬೀಳುವ ಫ್ರೇಮಿನ ಮೇಲೆ ಎಲ್ಲರಿಗೂ ಆಸೆ, ಆದರೆ ಸಾಮಾನ್ಯವಾಗಿ ಅತಿ ಹೆಚ್ಚು ಕೆಟ್ಟಿರುವುದು ಅದೇ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ದೃಶ್ಯವನ್ನು ನಿಲ್ಲಿಸಿ, ಇ ಕೀಲಿಯನ್ನು ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸಾಗುತ್ತದೆ. ಲಾಠಿ ಎತ್ತುವ ದೃಶ್ಯವೊಂದನ್ನು ಹೀಗೆ ನೋಡಿ: ಮೊದಲು ಲಾಠಿ ಬಿಚ್ಚಿದ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ, ಕೆಲವು ಒತ್ತುಗಳ ನಂತರ ತಲೆಯ ಮೇಲೆ ನಿಂತಾಗ ಅದರ ತುದಿ, ಹಿಡಿದ ಬೆರಳುಗಳ ಗೆಣ್ಣುಗಳು, ತೋಳಿನ ಮಡಿಕೆ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತವೆ, ಮುಂದಿನ ಒತ್ತಿಗೇ ಮತ್ತೆ ಹರಡಿಬಿಡುತ್ತದೆ. ಸಿಕ್ಕಿದ ಕೂಡಲೇ ಶಿಫ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸಿನಲ್ಲಿ ಚಿತ್ರ ಉಳಿಯುತ್ತದೆ. ಹಿಂದಕ್ಕೂ ಫ್ರೇಮ್ ಫ್ರೇಮಾಗಿ ಹೋಗಬೇಕೆಂದರೆ ಎಂಪಿವಿ ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ. ಅದರಲ್ಲಿ ಅಲ್ಪವಿರಾಮದ ಕೀಲಿ ಹಿಂದಕ್ಕೆ, ಪೂರ್ಣವಿರಾಮದ ಕೀಲಿ ಮುಂದಕ್ಕೆ ಒಯ್ಯುತ್ತದೆ. ಬೆನ್ನಟ್ಟುವ ದೃಶ್ಯಗಳಲ್ಲಿ ಮಾತ್ರ ಲೆಕ್ಕ ಬೇರೆ: ಕ್ಯಾಮೆರಾ ಬೈಕಿನ ಜೊತೆಗೇ ಸಾಗಿದ್ದರೆ ಬೈಕು ಸ್ಪಷ್ಟವಾಗಿದ್ದು ಹಿನ್ನೆಲೆ ಗೆರೆಗೆರೆಯಾಗಿರುತ್ತದೆ, ಆ ಮಸುಕು ಇದ್ದರೇ ಚೆನ್ನ.

ಮೂಲ ಪ್ರತಿಯ ವಿಚಾರಕ್ಕೆ ಬಂದರೆ, ಹಣ ಖರ್ಚು ಮಾಡುವುದಾದರೆ ಬ್ಲೂರೇ ಡಿಸ್ಕಿಗೇ ಮಾಡಿ. ಡಿವಿಡಿಯ ಚಿತ್ರ ಹೆಚ್ಚೆಂದರೆ 720 ಬೈ 576 ಪಿಕ್ಸೆಲ್ ಮಾತ್ರ. ಓಡುವ ಆಕೃತಿಗಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆ ಕಂಡರೆ ಪ್ಲೇಯರಿನಲ್ಲಿ ಡೀಇಂಟರ್‌ಲೇಸ್ (ಆ ಗೆರೆಗಳನ್ನು ಅಳಿಸುವ ಆಯ್ಕೆ) ಆನ್ ಮಾಡಿ. ಆನ್‌ಲೈನ್ ಸೇವೆಗಳಲ್ಲಿ ನಕಲು ತಡೆಯ ವ್ಯವಸ್ಥೆ ಇರುವುದರಿಂದ ಸ್ಕ್ರೀನ್‌ಶಾಟ್ ಬರೀ ಕಪ್ಪಾಗಿ ಬರುತ್ತದೆ, ಅದರ ಜೊತೆ ಗುದ್ದಾಡಬೇಡಿ. ಎಚ್‌ಡಿಆರ್ (ಬೆಳಕು, ಬಣ್ಣಗಳ ಹೆಚ್ಚಿನ ವ್ಯಾಪ್ತಿ) ಇರುವ 4ಕೆ ಫೈಲಿನಿಂದ ತೆಗೆದ ಸ್ಟಿಲ್ ಸಾಮಾನ್ಯ ಪರದೆಯಲ್ಲಿ ಹಲವು ಸಲ ತೊಳೆದಂತೆ ಪೇಲವವಾಗಿ ಬರುವುದರಿಂದ, ಅದೇ ಚಿತ್ರದ ಮಾಮೂಲಿ 1080 ಪ್ರತಿಯೇ ವಾಸಿ.

ಇನ್ನು ಬೆಳಕು. ಬ್ರೈಟ್‌ನೆಸ್ ಜಾರುಪಟ್ಟಿಯನ್ನು ಮುಟ್ಟಲೇಬೇಡಿ, ಅದು ಕಪ್ಪನ್ನೂ ಬೂದಿ ಬಣ್ಣಕ್ಕೆ ಎಳೆಯುತ್ತದೆ. ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನಲ್ಲಿ ಲೆವೆಲ್ಸ್ ತೆರೆದು ನಡುವಿನ ಗುಬುಟನ್ನು ಮಾತ್ರ ಸ್ವಲ್ಪ ಎಡಕ್ಕೆ ಸರಿಸಿದರೆ ಕಪ್ಪು ಕಪ್ಪಾಗಿಯೇ ಉಳಿದು ಮುಖಗಳು ತೆರೆದುಕೊಳ್ಳುತ್ತವೆ. ನಮ್ಮ ಕೋಲಾರದ ಗಣಿ ಪ್ರದೇಶದ ಸೈನೈಡ್ ದಿಬ್ಬಗಳ (ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡೆಗಳ) ಮೇಲೆ ತೆಗೆದಂಥ ಧೂಳಿನ, ಮಬ್ಬುಗತ್ತಲೆಯ ಫೈಟುಗಳನ್ನು ಹಗಲಿನಷ್ಟು ಬೆಳಗಿಸಲು ಹೋದರೆ ಕತ್ತಲಲ್ಲಿ ಅಡಗಿದ್ದ ಚೌಕಚೌಕದ ಕಲೆಗಳೆಲ್ಲ ಮೇಲೇಳುತ್ತವೆ. ಛಾಯಾಗ್ರಾಹಕರು ಬೇಕೆಂದೇ ಇಟ್ಟ ಕತ್ತಲನ್ನು ಕೆಡಿಸುವುದು ನನಗಂತೂ ಒಪ್ಪಿಗೆಯಲ್ಲ.

ಚಿತ್ರವನ್ನು ಗುಣಮಟ್ಟ ಕೆಡದ ಪಿಎನ್‌ಜಿ ಫೈಲಿನ ರೂಪದಲ್ಲೇ ಉಳಿಸಿ. 1920 ಪಿಕ್ಸೆಲ್ ಅಗಲದ ಸ್ಟಿಲ್ ಅಡ್ಡ ಎ4 ಹಾಳೆಯಲ್ಲಿ ಇಂಚಿಗೆ ಸುಮಾರು 164 ಪಿಕ್ಸೆಲ್ ಕೊಡುತ್ತದೆ, ಗೋಡೆಪತ್ರಿಕೆಗೆ ಧಾರಾಳವಾಯಿತು. ಎ3ಗೆ ಹಿಗ್ಗಿಸಿದರೆ 116ಕ್ಕೆ ಇಳಿಯುತ್ತದೆ, ಹತ್ತಿರ ನಿಂತು ಓದುವವರಿಗೆ ಅದು ಗೊತ್ತಾಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಟ್ಟಿದೆ, ಆದರೂ ಕೆಳಗೆ ಚಿತ್ರದ ಹೆಸರು ಹಾಕಿ. ಪ್ರಿಂಟ್ ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದೇ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ.