‘ಬಂದರು’ ಲೇಖನ ಕಳುಹಿಸಿದವರಿಗೆ

ಪ್ರಿಯರೆ,

‘ಬಂದರು’ ಎಂಬ ಪದದ ಹುಟ್ಟಿನ ಬಗ್ಗೆ ನೀವು ಕಾರವಾರದಿಂದ ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಪರದೇಶದ ವರ್ತಕರು ಬಂದಾಗ ದಡದ ಜನ ‘ಬಂದರು, ಬಂದರು’ ಎಂದು ಕೂಗಿದರು, ಆ ಕೂಗೇ ಜಾಗದ ಹೆಸರಾಯಿತು ಎನ್ನುತ್ತೀರಿ. ಕೇಳಲು ಚೆಂದ, ನಿಜವಲ್ಲ. ಹಡಗು ನಿಲ್ಲುವ ಬಂದರು ಪರ್ಶಿಯನ್ ಭಾಷೆಯ ‘ಬಂದರ್’. ಇರಾನಿನ ಬಂದರ್ ಅಬ್ಬಾಸ್, ಗುಜರಾತಿನ ಪೋರಬಂದರ್ ಎರಡರಲ್ಲೂ ಇರುವುದು ಅದೇ ಪದ. ಅಲ್ಲಿಯವರಿಗೆ ನಮ್ಮ ಕ್ರಿಯಾಪದದ ಹಂಗಿಲ್ಲ. ಕತೆಯನ್ನು ಉಳಿಸಿಕೊಳ್ಳುವ ಆತುರದಲ್ಲಿ ನೀವು ‘ಹಡಗುಗಳು ಬಂದರು’ ಎಂದೂ ಬರೆದಿದ್ದೀರಿ. ಹಡಗುಗಳು ಬಂದವು.

ನಿಜ ಸಂಗತಿ ನಿಮ್ಮ ಕತೆಗಿಂತ ಸೊಗಸಾಗಿದೆ. ‘ಬರು’ ಧಾತುವಿನ ‘ಬಂದರು’ ಅಪ್ಪಟ ದ್ರಾವಿಡ ರೂಪ. ತಮಿಳಿನ ‘ವಂದಾರ್’ ಅದರ ಒಡಹುಟ್ಟು. ಹಳಗನ್ನಡದಲ್ಲಿ ಅದು ‘ಬಂದರ್’ ಎಂದೇ ಇತ್ತು. ವ್ಯಂಜನದಲ್ಲಿ ನಿಲ್ಲುವ ಪದಕ್ಕೆ ಉಕಾರ ಸೇರಿಸುವುದು ಕನ್ನಡದ ನಾಲಿಗೆಯ ರೂಢಿ: ‘ಪಾಲ್’ ಹಾಲಾಯಿತು, ಮೊನ್ನೆ ಮೊನ್ನೆ ಬಂದ ‘ಬಸ್’ ಕೂಡ ಬಸ್ಸಾಯಿತು. ಮನೆಯ ‘ಬಂದರ್’, ಕಡಲಾಚೆಯ ‘ಬಂದರ್’ ಎರಡಕ್ಕೂ ಅದೇ ಉಕಾರ ಅಂಟಿತು. ನಂಟಿಲ್ಲದ ಎರಡು ಪದಗಳಿಗೆ ಒಂದೇ ಮುಖ ಬಂದದ್ದು ಹೀಗೆ. ಇದನ್ನು ಬಿಡಿಸಿ ಬರೆಯಿರಿ. ಹಿಂದಿಯಲ್ಲಿ ಕೋತಿಗೆ ಹೇಳುವ ‘ಬಂದರ್’ ಸಂಸ್ಕೃತದ ‘ವಾನರ’ದಿಂದ ಬಂದದ್ದು, ಅದಕ್ಕೆ ಒಂದು ಸಾಲು ಸಾಕು, ನೀವು ಒಂದು ಪುಟ ಕೊಟ್ಟಿದ್ದೀರಿ.

ಕೊನೆಯ ಪುಟದಲ್ಲಿ ಒಂದು ಕಡೆ ನಾನು ಓದುವುದನ್ನು ನಿಲ್ಲಿಸಿದೆ: “ಬೈತಖೋಲದ ಬಂದರಿನಿಂದ ಅಪ್ಪ ಬಂದರು. ಅಂಗಿಯ ತೋಳಿಗೆ ತಾರ್ಲೆ ಮೀನಿನ ಹುರುಪೆ ಅಂಟಿತ್ತು.” ಎರಡು ಪದಗಳೂ ನಿಮ್ಮದೇ ವಾಕ್ಯದಲ್ಲಿ ಅಕ್ಕಪಕ್ಕ ಕುಳಿತಿವೆ. ವಿಭಕ್ತಿ ಪ್ರತ್ಯಯ ಹತ್ತಿದ್ದು ಒಂದಕ್ಕೆ, ‘ಅಪ್ಪ’ನಿಗೆ ಗೌರವ ಕೊಟ್ಟದ್ದು ಇನ್ನೊಂದು. ನೀವು ಗಮನಿಸದೆ ಮುಂದೆ ಹೋಗಿದ್ದೀರಿ. ಲೇಖನ ಇಲ್ಲಿಂದಲೇ ಶುರುವಾಗಲಿ. ಸಮುದ್ರದ ಮಹಿಮೆ ಹೇಳುವ ಮೊದಲ ಎರಡು ಪುಟ ಹೋಗಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಅಪ್ಪ ಮನೆಯಲ್ಲಿರುವ ಆ ದಿನಗಳಲ್ಲಿ ಪಕ್ಕದಲ್ಲಿ ಕುಳಿತು ಕೇಳಿ: ಅವರು ಯಾವುದನ್ನು ಬಂದರು ಎನ್ನುತ್ತಾರೆ, ಯಾವುದನ್ನು ರೇವು, ಯಾವುದನ್ನು ಅಳಿವೆ? ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಂಡು ಆಗಸ್ಟ್‌ನಲ್ಲಿ ನನಗೆ ಕಳುಹಿಸಿ.

ಸಂಪಾದಕ