ಮೂವತ್ತು ದಾಟಿದೆ, ಯಾವುದರಲ್ಲೂ ವಿಶೇಷವಿಲ್ಲದ ಸಾಮಾನ್ಯನಾಗಿಯೇ ಉಳಿದಿದ್ದೇನೆ. ಈಗಿನ ಕೆಲಸ ಬಿಟ್ಟು ಬೇರೇನಾದರೂ ಮಾಡಬೇಕೆ?

ನಿಮಗೆ ಸಾಮಾನ್ಯನಾಗಿರುವುದರ ಬೇಸರವಷ್ಟೇ ಇದೆ. ನನಗಾದರೋ ಸಾಮಾನ್ಯನೆಂದು ಯಾರಿಗೂ ಗೊತ್ತಾಗದಂತೆ ನೋಡಿಕೊಳ್ಳುವುದೇ ದಿನವಿಡೀ ಕೆಲಸವಾಗಿತ್ತು.

ಶಾಲೆಯಲ್ಲಿ ಗಣಿತಕ್ಕೆ ನಾನೇ ಮೊದಲಿಗ. ಎಂಜಿನಿಯರಿಂಗ್ ಕಾಲೇಜಿಗೆ ಹೋದರೆ ತರಗತಿಯ ತುಂಬ ಅವರವರ ಶಾಲೆಯ ಮೊದಲಿಗರೇ. ಎಲ್ಲೋ ನಡುವೆ ಬಂದು ಬಿದ್ದೆ. ಅಂದಿನಿಂದ ಪ್ರಶ್ನೆ ಕೇಳುವುದನ್ನು ಬಿಟ್ಟೆ. ಕೇಳಿದರೆ ಬಣ್ಣ ಬಯಲಾಗುತ್ತದಲ್ಲ! ಅದೇ ಚಟವನ್ನು ಹೊತ್ತುಕೊಂಡು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರ ವಿನ್ಯಾಸ ವಿಭಾಗಕ್ಕೆ ಸೇರಿದೆ.

ಒಮ್ಮೆ ಹೊರದೇಶದ ಗ್ರಾಹಕರಿಂದ ಡ್ರಾಯಿಂಗ್ ಬಂತು. ಅದನ್ನು ನಮ್ಮ ಪದ್ಧತಿಗೆ ಬದಲಿಸಿ ಕೆಳಗಿನ ವರ್ಕ್‌ಶಾಪಿಗೆ ಕೊಡಬೇಕಿತ್ತು. ಹಾಳೆಯ ಮೂಲೆಯಲ್ಲಿ ಒಂದು ಚಿಕ್ಕ ಚಿಹ್ನೆ: ಒಂದರೊಳಗೊಂದು ಎರಡು ವೃತ್ತ, ಪಕ್ಕದಲ್ಲಿ ತುದಿ ಕತ್ತರಿಸಿದ ಶಂಕು. ವಸ್ತುವಿನ ಬೇರೆ ಬೇರೆ ಬದಿಯ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಕ್ರಮಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ, ಅದರಲ್ಲಿ ಎರಡು ಪದ್ಧತಿ. ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ ವಸ್ತುವಿನ ಎಡನೋಟವನ್ನು ಮುಖ್ಯ ನೋಟದ ಬಲಕ್ಕೆ ಬರೆಯುತ್ತಾರೆ. ಥರ್ಡ್ ಆ್ಯಂಗಲ್‌ನಲ್ಲಿ ಎಡಕ್ಕೇ ಬರೆಯುತ್ತಾರೆ. ಇದು ಯಾವುದೆಂದು ಹೇಳುವುದು ಆ ಚಿಹ್ನೆಯೇ. ಪರೀಕ್ಷೆಗೆ ಓದಿದ್ದೆ, ಮರೆತಿದ್ದೆ. ಹಿರಿಯರು ಹಾದು ಹೋಗುತ್ತ, "ಪ್ರೊಜೆಕ್ಷನ್ ನೋಡಿಕೊಂಡಿದ್ದೀರಲ್ಲ?" ಎಂದರು. "ನೋಡಿದ್ದೇನೆ ಸರ್" ಎಂದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಚಿಹ್ನೆ ಮರೆತದ್ದು ನನ್ನ ತಪ್ಪಲ್ಲ, ಯಾರಾದರೂ ಮರೆಯುತ್ತಾರೆ. ಸುಳ್ಳು ಹೇಳಿದೆನೆಂದೂ ಅಲ್ಲ. ನೋಡಿದ್ದು ನಿಜ, ಅರ್ಥವಾಗಿರಲಿಲ್ಲ ಅಷ್ಟೇ. "ಸರ್, ಇದು ಯಾವುದು, ನೆನಪಾಗುತ್ತಿಲ್ಲ" ಎಂದಿದ್ದರೆ ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷ ಅವರ ಕಣ್ಣಿಗೆ ಎಲ್ಲರಂಥವನಾಗಿ ಕಾಣಬೇಕಿತ್ತು, ಅದು ನನ್ನಿಂದಾಗಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಇಂಥದ್ದನ್ನೆಲ್ಲ ಸಂಕೋಚವಿಲ್ಲದೆ ಕೇಳುತ್ತಿದ್ದರು, ಉಳಿದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಎರಡರಲ್ಲಿ ಒಂದನ್ನು ಊಹಿಸಿ ಕೆಲಸ ಮುಗಿಸಿದೆ.

ಊಹೆ ತಪ್ಪಾಗಿತ್ತು. ಭಾಗಗಳೆಲ್ಲ ಕನ್ನಡಿಯೊಳಗಿನ ಪ್ರತಿಬಿಂಬದಂತೆ ತಯಾರಾದವು. ಅಳತೆ ಕರಾರುವಾಕ್ಕು, ರಂಧ್ರಗಳು ಮಾತ್ರ ಆಚೆ ಬದಿಯಲ್ಲಿ! ಇಡೀ ಲಾಟ್ ಗುಜರಿಗೆ ಹೋಯಿತು. ನಾನು ಕಣ್ಣಿಟ್ಟಿದ್ದ ಬಡ್ತಿ ಪಕ್ಕದ ಮೇಜಿಗೆ ಹೋಯಿತು. ನ್ಯಾಯವಾಗಿಯೇ ಹೋಯಿತು ಎನ್ನಲು ನನಗೆ ಬಹಳ ಕಾಲ ಹಿಡಿಯಿತು.

ಇನ್ನು ನಿಮ್ಮ 'ಯಾವುದರಲ್ಲೂ'. ಇದನ್ನು ನಾನು ಒಪ್ಪುವುದಿಲ್ಲ. 1950ರಲ್ಲಿ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಮೈಅಳತೆ ತೆಗೆಸಿತು. ಸರಾಸರಿ ಪೈಲಟ್‌ಗೆ ಹೊಂದುವ ಕಾಕ್‌ಪಿಟ್ ಮಾಡಬೇಕೆಂಬುದು ಲೆಕ್ಕ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕ ಅದರಿಂದ ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದದಂಥ ಹತ್ತು ಅಳತೆಗಳನ್ನು ಆರಿಸಿ, ಪ್ರತಿಯೊಂದರಲ್ಲೂ ನಡುವಿನ ಶೇ. 30ರಷ್ಟು ಹರವನ್ನು 'ಸರಾಸರಿ' ಎಂದು ಉದಾರವಾಗಿಯೇ ಹಿಡಿದರು. ಹತ್ತರಲ್ಲೂ ಆ ಹರವಿನೊಳಗೆ ಬಂದವರು ಒಬ್ಬರೂ ಇರಲಿಲ್ಲ. ಕೊನೆಗೆ ವಾಯುಪಡೆ ಸರಾಸರಿ ಮನುಷ್ಯನನ್ನು ಹುಡುಕುವುದನ್ನು ಬಿಟ್ಟು ಹಿಂದೆ ಮುಂದೆ ಸರಿಸಬಹುದಾದ ಆಸನಗಳ ಕಡೆಗೆ ತಿರುಗಿತು. ಮೈಯ ಹತ್ತು ಅಳತೆಗೇ ಈ ಗತಿಯಾದರೆ, ಬದುಕಿನ ಎಲ್ಲದರಲ್ಲೂ ಸಾಮಾನ್ಯ ಎಂಬುದನ್ನು ನೀವು ಯಾವ ಟೇಪು ಹಿಡಿದು ಅಳೆದಿರಿ? ನನ್ನ ಅನುಮಾನ, ನೀವು ಅಳೆದಿರುವುದು ಒಂದೋ ಎರಡೋ: ಸಂಬಳ, ಹುದ್ದೆ. ಅದರಲ್ಲಿ ನೀವು ನಡುವೆ ಇದ್ದರೆ ಇರಿ. ಯಾವ ಸಾಲಿನಲ್ಲಾದರೂ ಹೆಚ್ಚಿನವರು ನಿಲ್ಲುವುದು ಅಲ್ಲೇ.

ಕೆಲಸ ಬಿಡುವ ಮಾತಿಗೆ ಬಂದರೆ: ಸಂಬಳ ಸಾಲದು, ಮೇಲಧಿಕಾರಿ ಕಾಡುತ್ತಾರೆ, ಕಲಿಯಲು ಏನೂ ಉಳಿದಿಲ್ಲ ಎಂದಿದ್ದರೆ ಧಾರಾಳವಾಗಿ ಬಿಡಿ. ವಿಶೇಷ ಎನಿಸಿಕೊಳ್ಳುವುದಕ್ಕಾಗಿ ಬಿಡಬೇಡಿ. ಹೊಸ ಜಾಗದಲ್ಲಿ ಮೊದಲ ವರ್ಷವಿಡೀ ನೀವು ಈಗಿನದಕ್ಕಿಂತಲೂ ಸಾಮಾನ್ಯರಾಗಿರುತ್ತೀರಿ, ದಿನಕ್ಕೆ ಹತ್ತು ಸಲ "ಇದು ಗೊತ್ತಿಲ್ಲ" ಎನ್ನಬೇಕಾಗುತ್ತದೆ. ಈಗಿನ ಕಚೇರಿಯಲ್ಲಿ ಅದನ್ನು ಹೇಳಲು ನಿಮಗೆ ಬರುತ್ತದೆಯೇ? ನಿಮ್ಮ ಪ್ರಶ್ನೆಯಲ್ಲಿ ಅದರ ಸುಳಿವು ಸಿಗಲಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.